ಜೋಳದ ಚೀಲಕ್ಕೆ ಎರಡು ಹಗ್ಗ

ರೋಲರ್ ಕೋಸ್ಟರ್ ಹುಚ್ಚಿನ ಗೆಳೆಯರೇ, ನಮ್ಮ ರೋಣಕ್ಕೂ ಒಂದು ಬಂತು! ಆದರೆ ಯಾರೂ ಅವಸರ ಮಾಡಬೇಡಿ.

ಇವತ್ತು ಸಂಜೆ ನಾನೂ ನನ್ನಷ್ಟೇ ಹುಚ್ಚಿರುವ ಟೇಲರ್ ದಾದಾಪೀರನೂ ಎಕ್ಸಿಬಿಷನ್ ಮೈದಾನಕ್ಕೆ ಹೋಗಿದ್ದೆವು. ಜನರ ಬದಲು ಸೀಟಿನ ಮೇಲೆ ಜೋಳದ ಚೀಲ ಇಟ್ಟು ಗಾಡಿ ಓಡಿಸಿ ನೋಡುತ್ತಿದ್ದರು. ದಾದಾಪೀರ ಆಗಲೇ ಮುಂದಿನ ವರ್ಷದ ಮಾತಿಗಿಳಿದಿದ್ದ: "ಮಾಲಕರ, ತಲಿಕೆಳಗ ಮಾಡಿ ತಿರಗಸೂದೂ ಒಂದು ತರ್ರಿ."

ನನ್ನ ಕಣ್ಣು ಮಾತ್ರ ಚೀಲಗಳ ಮೇಲಿತ್ತು. ಒಂದೊಂದಕ್ಕೂ ಎರಡೆರಡು ಹಗ್ಗ ಬಿಗಿದಿದ್ದರು. ಸೀಟಿಗಿದ್ದದ್ದು ಒಂದೇ ಅಡ್ಡ ಸರಳು, ಅದೂ ಅಲುಗಾಡುತ್ತಿತ್ತು.

"ಮಂದಿ ಕುಂತಾಗೂ ಹಗ್ಗ ಕಟ್ತೀರೇನ್ರಿ?" ಎಂದು ಮಾಲೀಕನನ್ನು ಕೇಳಿದೆ.

"ಮಂದಿಗ್ಯಾಕ್ರಿ? ಅವರು ಸರಳು ಹಿಡ್ಕೊಂತಾರ."

"ಮತ್ತ ಚೀಲಕ್ಕ ಎರಡೆರಡು ಯಾಕ?"

"ಅವು ಅಡತಿ ಅಂಗಡಿ ಸಾವ್ಕಾರ್ರ ಚೀಲರೀ. ಒಂದು ಬಿದ್ದು ಒಡದ್ರೂ ನಮ್ಮನ್ನ ಬಿಡಂಗಿಲ್ಲ ಅವರು."

ದಾದಾಪೀರ ಮುಂದಿನ ವರ್ಷದ ಮಾತು ಅಲ್ಲಿಗೇ ನಿಲ್ಲಿಸಿದ.

ನಾಳೆಯಿಂದ ಟಿಕೆಟ್ ಕೊಡುತ್ತಾರಂತೆ. ನಾನು ಹತ್ತುವುದಾದರೆ ಆ ಸಾವ್ಕಾರರ ಚೀಲದೊಳಗೇ ಕುಳಿತು, ದಾದಾಪೀರನಿಂದ ಚೀಲದ ಬಾಯಿ ಹೊಲಿಸಿಕೊಂಡು ಹತ್ತುತ್ತೇನೆ.