ನಾನಾ ಎಪಾಂಗ್ ಮನೆಯ ಸಂತರು

ಮದುವೆಯಾಗಿ ಬುಲಕಾನ್ ಸೀಮೆಯ ಹೆಂಡತಿಯ ಊರಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರಿದ್ದಾರೆಂದು ನಾನು ನಂಬಿದ್ದೆ. ಅಂಗಳದಲ್ಲಿ ಗಂಜಿ ಹಾಕಿದ ಹಳದಿ ಶಾಲು ಒಣಗುತ್ತಿತ್ತು. ಊರಿಗೆಲ್ಲ ದೊಡ್ಡಮ್ಮನಂತಿದ್ದ ನಾನಾ ಎಪಾಂಗ್ ಒಳಗೆ ಯಾರನ್ನೋ ಗದರುತ್ತಿದ್ದರು: "ಸ್ವಲ್ಪ ತಡೀರಿ, ಗಡ್ಡ ಒರೆಸ್ತಿದೀನಿ. ಇಷ್ಟು ಧೂಳು ಎಲ್ಲಿಂದ ತರ್ತೀರೋ!"

ಹೊಸ ಅಳಿಯನ ಗತ್ತಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ರೋಗಿಯನ್ನು ನೋಡಲು ಹೋದೆ. ಒಳಗೆ ನಿಂತಿದ್ದವರು ಸಂತರಾದ ಸಾನ್ ಪೆದ್ರೊ. ನಾಲ್ಕಡಿಯ ಮರದ ವಿಗ್ರಹ, ಕೈಯಲ್ಲಿ ಸ್ವರ್ಗದ ಬೀಗದ ಕೈ, ಪಕ್ಕದ ಕಂಬದ ಮೇಲೆ ಅವರ ಕಥೆಯಲ್ಲಿ ಬರುವ ಕೆಂಪು ಜುಟ್ಟಿನ ಹುಂಜ, ಅದೂ ಮರದ್ದೇ.

"ಅವ್ರು ತಿನ್ನಲ್ಲ," ಎಂದರು ನಾನಾ, ಹಣ್ಣು ಸುಲಿಯುತ್ತಾ. "ನಾನು ತಿಂತೀನಿ. ಕೂತ್ಕೋ."

ಬೆಳಗ್ಗೆ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸುಮಾನ್ ಮಾರುವುದು, ಮಿಕ್ಕ ಹೊತ್ತು ಸಂತರ ಸೇವೆ. ಇಷ್ಟೇ ಅವರ ಬದುಕು. ಮದುವೆಯಾಗಲಿಲ್ಲ. "ಮನೇಲಿ ಒಬ್ರು ಗಂಡಸು ಇದಾರಲ್ಲ. ಕುಡಿಯಲ್ಲ, ಎದುರು ಮಾತಾಡಲ್ಲ. ಇನ್ನೊಬ್ಬ ಯಾಕೆ?" ಎನ್ನುತ್ತಿದ್ದರು. ಕಾಲರಾ ಬಂದ ವರ್ಷ ಅವರ ಮುತ್ತಜ್ಜಿ ಒಂದು ಹರಕೆ ಹೊತ್ತಿದ್ದಳು: ಶಿಲುಬೆಯ ಕಥೆ ನೆನೆಯುವ ಪವಿತ್ರ ವಾರದ ಮೆರವಣಿಗೆಯಲ್ಲಿ ಈ ಮನೆಯ ಸಾನ್ ಪೆದ್ರೊ ಎಲ್ಲ ಸಂತರಿಗಿಂತ ಮುಂದೆ ಸಾಗಬೇಕು. ಒಂದು ವರ್ಷ ತಪ್ಪಿದರೂ ಹರಕೆ ಮುರಿದಂತೆ.

ಆ ಮುಂದಿನ ಸ್ಥಾನದ ಮೇಲೆ ನಮ್ಮ ವಾರ್ಡಿನ ಮುಖ್ಯಸ್ಥರಾದ ಕಾಪ್ ವೆನ್ಸೆಸ್ಲಾವ್ ಅವರ ಕಣ್ಣು ಬಿತ್ತು. ಏಳಡಿಯ ಹೊಸ ಸಾನ್ ಪೆದ್ರೊ ಮಾಡಿಸಿದರು. ಮುಖ ಯಾಕೋ ಅವರ ಚುನಾವಣೆ ಪೋಸ್ಟರಿನಂತೆಯೇ ಇತ್ತು. ಮರದ ಹುಂಜ ತಮ್ಮ ಅಂತಸ್ತಿಗೆ ಸಾಲದೆಂದು, ಏಳು ಕೋಳಿ ಅಂಕ ಗೆದ್ದ ತಮ್ಮ ಹುಂಜವನ್ನೇ ಕಂಬದ ಮೇಲೆ ಕಟ್ಟಿಸಿದರು. ಯಾರು ಮುಂದೆ ಎಂದು ಕೇಳಿದರೆ, ಪಾದ್ರಿಗಳು "ನೀವ್ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದು, ಪವಿತ್ರ ವಾರದ ಕಥೆಯ ನ್ಯಾಯಾಧಿಪತಿಯಂತೆ, ಕೈ ತೊಳೆದುಕೊಂಡರು.

ಬುಧವಾರ ಸಂಜೆ ಇಗರ್ಜಿಯ ಬಾಗಿಲಲ್ಲಿ ಸಂತರನ್ನು ಹೊತ್ತ ಎರಡೂ ಗಾಡಿಗಳು ಅಕ್ಕಪಕ್ಕ ನಿಂತವು.

"ನಾನಾ, ದೊಡ್ಡವ್ರು ಮುಂದೆ ಹೋಗ್ಲಿ ಬಿಡಿ," ಎಂದರು ಕಾಪ್.

"ಯಾರೋ ದೊಡ್ಡವ್ರು? ನಿನ್ನ ಮೂಗು ಒರೆಸಿದೋಳು ನಾನು."

"ನಿಮ್ದು ಹಳೇದಾಯ್ತು. ನೋಡಿ, ನಂದು ನಿಜವಾದ ಹುಂಜ."

ನಿಜವಾದ ಹುಂಜ ಅಷ್ಟರಲ್ಲಿ ಪಕ್ಕದ ಗಾಡಿಯ ಹುಂಜವನ್ನು ನೋಡಿಬಿಟ್ಟಿತ್ತು. ಕಣ್ಣು ಮಿಟುಕಿಸದೆ ದುರುಗುಟ್ಟುವ ಇಂಥ ಎದುರಾಳಿಯನ್ನು ಅದು ಕಂಡಿರಲಿಲ್ಲ. ಕತ್ತಿನ ಗರಿ ಕೆದರಿ, ಕಾಲಿನ ದಾರ ಹರಿದುಕೊಂಡು ಹಾರಿತು. ಒದೆಯಿತು, ಕುಕ್ಕಿತು. ಮರದ ಹುಂಜ ಅಲುಗಲಿಲ್ಲ. ಮೂರನೆಯ ಸಲ ಕುಕ್ಕಿದಾಗ ಕೊಕ್ಕು ನೊಂದು, ಬೆನ್ನು ತೋರಿಸಿ, ಬ್ಯಾಂಡಿನವರ ಡೋಲಿನ ಹಿಂದೆ ಅಡಗಿತು.

ಜನರೆಲ್ಲ ಮಾಂಗ್ ತಿಬುರ್ಸಿಯೋ ಕಡೆ ತಿರುಗಿದರು. ಭಾನುವಾರದ ಕೋಳಿ ಅಂಕದಲ್ಲಿ ತೀರ್ಪು ಕೊಡುವವರು ಅವರೇ. ಕೈಯಲ್ಲಿದ್ದ ಮೇಣದಬತ್ತಿಯನ್ನು ನನಗೆ ಕೊಟ್ಟು, ಗಂಭೀರವಾಗಿ ಮರದ ಹುಂಜದತ್ತ ಕೈ ಎತ್ತಿದರು.

"ಓಡಿದ್ದು ಸೋತ ಹಾಗೆ. ಇದು ಗೆದ್ದಿದೆ."

"ಅಯ್ಯೋ, ಅದು ಮರ ಕಣ್ರೀ!"

"ನಿಂತಿದೆಯಲ್ಲ, ಕಾಪ್."

ಚುನಾವಣೆಯ ಫಲಿತಾಂಶವನ್ನೇ ಎರಡು ಸಲ ಪ್ರಶ್ನಿಸಿದ ಮನುಷ್ಯ ಈ ಕಾಪ್. ಆದರೆ ಅಂಕದ ತೀರ್ಪು ಪ್ರಶ್ನಿಸಿದವನು ಮತ್ತೆ ಅಂಕಕ್ಕೆ ಕಾಲಿಡುವಂತಿಲ್ಲ. ಕಾಪ್ ಟೋಪಿ ತೆಗೆದರು. "ನಮ್ದು ಹಿಂದಕ್ಕೆ ತಗೊಳ್ರಪ್ಪ," ಎಂದರು ಸಣ್ಣ ದನಿಯಲ್ಲಿ.

ನಾನಾ ಸೆರಗಿಲ್ಲದ ಅಂಗಿಯ ತುದಿಯಿಂದಲೇ ಕಣ್ಣೊರೆಸಿಕೊಂಡು, ಅದೇ ತುದಿಯಿಂದ ಹುಂಜದ ಮೈಮೇಲಿನ ಗೀರನ್ನೂ ಒರೆಸಿದರು. ನಾನು ಭಕ್ತಿಯಿಂದ ಹತ್ತಿರ ಹೋಗಿ ಕೇಳಿದೆ: "ನಾನಾ, ಸಂತರೇ ಹುಂಜಕ್ಕೆ ಆ ಶಕ್ತಿ ತುಂಬಿದ್ರು ಅಂತೀರಾ?"

"ಹಲಸಿನ ಮರ ಕಣೋ ಅದು. ನೀನು ಕುಕ್ಕಿದ್ರೂ ನಿನ್ನ ಮೂತೀನೇ ಒಡೆಯೋದು. ಗಾಡಿ ತಳ್ಳು."