ಬೆರಳು ಮೂಸುವ ಯಂತ್ರದ ಕಥೆ

ಗೆಳೆಯರೇ, ಶಾಲೆಗೆ ಹೋಗುವಾಗ ಯಾವುದೋ ವಾರಪತ್ರಿಕೆಯಲ್ಲಿ ಓದಿದ ಕಥೆ ಇದು, ಹೆಸರು ಗೊತ್ತಿದ್ದವರು ದಯವಿಟ್ಟು ಹೇಳಿ. ಮುಂದಿನ ಶತಮಾನದ ನಗರ. ಯಾವ ದಿನ ಏನು ತಿನ್ನಬೇಕೆಂದು ಸರ್ಕಾರವೇ ಹೇಳುತ್ತದೆ. ಪ್ರತಿ ಮನೆಯ ಬಾಗಿಲಲ್ಲೂ ಬೆರಳು ಮೂಸುವ ಯಂತ್ರ. ನಾಯಕ ಏನನ್ನೋ ಕದ್ದು ತಿಂದು ಮನೆಗೆ ಬರುತ್ತಾನೆ. ಆಮೇಲೆ ಏನಾಯಿತೆಂದು ಮರೆತುಹೋಗಿದೆ.

ಇವತ್ತು ಸೋಮವಾರ ಮಧ್ಯಾಹ್ನ ಕಾಪುವಿನ ಹೋಟೆಲಿನಲ್ಲಿ ಊಟ ಮಾಡುತ್ತಾ ಗೆಳೆಯ ದಿನೇಶನನ್ನು ಕೇಳಿದೆ. ಅವನು ಬಂಗುಡೆ ಮೀನಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಎಂತ ಮಾರಾಯ, ಅದು ಕಥೆಯಾ? ನಮ್ಮ ಮನೆಯ ಸೋಮವಾರ ಅಲ್ವಾ?"

ನಮ್ಮ ಮನೆಯಲ್ಲೂ ಸೋಮವಾರ ಮೀನು ಮುಟ್ಟುವ ಹಾಗಿಲ್ಲ. ಹಾಗಾಗಿ ಕೈಗೆ ಸೋಪು ಹಾಕಿ, ಮೇಲೆ ಲಿಂಬೆಹುಳಿ ಉಜ್ಜಿಕೊಂಡೇ ಹೋಟೆಲಿನಿಂದ ಹೊರಟಿದ್ದೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ.

"ಊಟ ಎಲ್ಲಿ ಆಯ್ತು?"

"ಆಫೀಸಿನ ಕ್ಯಾಂಟೀನಲ್ಲಿ. ಅನ್ನ, ಸಾರು."

"ಕೈ ತೋರಿಸು."

ತೋರಿಸಿದೆ. ಅಮ್ಮ ಒಮ್ಮೆ ಮೂಸಿದರು.

"ನಿಮ್ಮ ಕ್ಯಾಂಟೀನಲ್ಲಿ ಸಾರಿಗೆ ಬಂಗುಡೆ ಹಾಕ್ತಾರಾ? ಒಳಗೆ ದೀಪ ಹಚ್ಚಿ ಆಗಿದೆ. ಬಾವಿಕಟ್ಟೆಯಲ್ಲಿ ಮಿಂದು ಬಾ."

ಕಥೆಯ ಹೆಸರು ಈಗಲೂ ಬೇಕು ಗೆಳೆಯರೇ. ಕೊನೆ ಮಾತ್ರ ಯಾರೂ ಹೇಳುವುದು ಬೇಡ. ನಾಯಕ ಬಾವಿಕಟ್ಟೆಯಲ್ಲಿ ಕುಳಿತು, ಟವೆಲಿಗಾಗಿ ಕಾಯುತ್ತಾ, ಈ ಪೋಸ್ಟ್ ಹಾಕುತ್ತಿದ್ದಾನೆ.