ಟಗರು ಇಡಲೋ, ಉಣ್ಣೆ ಇಡಲೋ

ನನ್ನ ಕೈಗಡಿಯಾರ ಕಳೆದ ವಾರ ಹರಿಯಬ್ಬೆಯ ಗೆಳೆಯನ ಮನೆಯಲ್ಲೇ ಉಳಿಯಿತು. ಮರೆತು ಬಂದೆನಾ? ಇಲ್ಲ. ಯಾರಾದರೂ ಕದ್ದರಾ? ಅದೂ ಇಲ್ಲ. ಇಸ್ಪೀಟಿನಲ್ಲಿ ಜೋಡಿ ರಾಣಿ ಬಂದಿದ್ದವು, ಬಿಚ್ಚಿಟ್ಟೆ. ಆ ಗೆಳೆಯ ಈರಣ್ಣನಿಗೆ ಜೋಡಿ ರಾಜ ಬಂದಿದ್ದವು. (ಮನೆಯಾಕೆ ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

ಆವತ್ತು ಯುಗಾದಿಯ ಮರುದಿನ, ವರ್ಷದ ತೊಡಕು. ಬಾಡೂಟ ಮುಗಿಸಿ ಎಲೆ ಹಿಡಿದು ಕೂರುವುದು ನಮ್ಮ ಕಡೆ ಹೊಸದಲ್ಲ. ಆದರೆ ಈರಣ್ಣನ ಮನೆಯ ಕಾಯ್ದೆಯೇ ಬೇರೆ. ಆವತ್ತು ಮಾಡಿದ್ದು ವರ್ಷವಿಡೀ ತೊಡರಿಕೊಳ್ಳುತ್ತದಲ್ಲ? ಹಾಗಾಗಿ ದುಡ್ಡು ಕೈಬಿಡುವಂತಿಲ್ಲ. ಟಾರ್ಚು, ಟ್ರಾನ್ಸಿಸ್ಟರು, ತಾಮ್ರದ ಚೊಂಬು, ಏನಾದರೂ ಸಾಮಾನು ಇಡಬೇಕು. ಒಮ್ಮೆ ಎಲೆ ಹಿಡಿದರೆ, ಕೆಟ್ಟದ್ದು ಬಂದರೂ ಆ ಸುತ್ತು ಬಿಟ್ಟು ಏಳುವಂತಿಲ್ಲ. ಬಿಟ್ಟರೆ ವರ್ಷವೆಲ್ಲ ಹಿಂದೆ ಸರಿಯುವುದೇ ಆಗುತ್ತದಂತೆ! ಉಳಿಯುವುದು ಒಂದೇ ಪ್ರಶ್ನೆ. ಎಷ್ಟು ಇಡಬೇಕು?

ಸೋತ ನಾನು ಈರಣ್ಣನ ತಾಯಿ ಕೆಂಚಮ್ಮನವರ ಹಿಂದೆ ಹೋಗಿ ಕುಳಿತೆ. ಮೂರೆಲೆ ಆಟ. ಉಳಿದವರೆಲ್ಲ ಸುಸ್ತಾಗಿ, ಈ ಸುತ್ತಿಗೆ ಎಲೆ ಹಿಡಿದವರು ಇಬ್ಬರೇ. ಅವರ ಎಲೆ ಇಣುಕಿ ನೋಡಿದೆ. ಎಕ್ಕ, ರಾಜ, ಒಂಬತ್ತು. ಮೂರೂ ಆಟೀನು! ಇದನ್ನು ಹೊಡೆಯಲು ಎದುರಿನವರಿಗೆ ಸಾಲಾಗಿ ಮೂರು ಎಲೆ ಬರಬೇಕು, ಇಲ್ಲವೇ ಮೂರರ ಅಂಕಿಯೂ ಒಂದೇ ಆಗಿರಬೇಕು. ಅಷ್ಟು ಸುಲಭಕ್ಕೆ ಬರುತ್ತವಾ? (ಬರುತ್ತವೆ, ಅದೇ ತೊಂದರೆ.)

ಎದುರಿಗೆ ಹಿರಿಯೂರಿನ ಕಂಬಳಿ ವ್ಯಾಪಾರಿ ಬುಡೇನ್ ಸಾಬರು. ಪ್ರತಿ ತೊಡಕಿಗೂ ಊಟಕ್ಕೆ ಬರುವವರು. ಕೆಂಚಮ್ಮನವರ ಕರಿ ಟಗರಿನ ಮೇಲೆ ಅವರಿಗೆ ಹಳೆಯ ಕಣ್ಣು.

"ಟಗರು ಇಡ್ರಿ ಕೆಂಚಮ್ಮಾರೆ. ನಾನು ಸೈಕಲ್ ಇಡ್ತೀನಿ."

ಸೈಕಲ್! ನಡೆದೇ ಓಡಾಡುವ ಈರಣ್ಣನ ಕಣ್ಣು ಅಂಗಳಕ್ಕೆ ಹೋಗಿ ಬಂತು. ಆದರೆ ಆ ಟಗರು ತಬ್ಬಲಿ ಮರಿಯಾಗಿ ಬಂದದ್ದು, ಕೆಂಚಮ್ಮ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿ ಸಾಕಿದ್ದು. ಅದು ಅವನಿಗೂ ಗೊತ್ತು.

"ಬ್ಯಾಡವ್ವ. ಒಂದು ಕೋಳಿಮೊಟ್ಟೆ ಇಟ್ಟು ಮುಗ್ಸು," ಎಂದ.

"ಇಂಥ ಎಲೆಗೆ ಮೊಟ್ಟೆ ಇಡ್ತಾರೇನ್ಲೇ?"

(ಎಲೆ ಜೋರಾಗಿದೆ ಎಂದು ಸಾಬರಿಗೆ ಗೊತ್ತಾಗಿಹೋಯಿತು. ಆದರೇನು, ಅವರೂ ಬಿಟ್ಟು ಏಳುವಂತಿಲ್ಲವಲ್ಲ!)

ಕೆಂಚಮ್ಮ ಎಲೆ ನೋಡಿದರು. ಕಂಬಕ್ಕೆ ಕಟ್ಟಿದ್ದ ಟಗರನ್ನು ನೋಡಿದರು.

"ಟಗರು ಇಡಲ್ಲ ಸಾಬ್ರೆ. ಅದರ ಉಣ್ಣೆ ಇಡ್ತೀನಿ. ಉಣ್ಣೆ ಮತ್ತೆ ಬೆಳೀತೈತೆ. ಟಗರು ಬೆಳೀತೈತಾ?"

ಸಾಬರು ಹೊಟ್ಟೆ ಹಿಡಿದು ನಕ್ಕರು. "ಹಂಗಾರೆ ನಂದೂ ಸೈಕಲ್ ಅಲ್ಲ, ಅದರ ಬೆಲ್ಲು!"

ಎಲೆ ತೆರೆದರು. ಸಾಬರದು ಏಳು, ಎಂಟು, ಒಂಬತ್ತು. ಸಾಲು!

ಈರಣ್ಣನ ಮುಖ ಸಣ್ಣಗಾಯಿತು. ಕೆಂಚಮ್ಮ ಮಾತ್ರ ಆರಾಮಾಗಿ, "ಕತ್ತರಿ ತಗಂಬಾರ್ಲೇ" ಎಂದರು. ಸಂಜೆಯ ಹೊತ್ತಿಗೆ ಟಗರು ಬೋಳಾಗಿ, ನಾಚಿದಂತೆ ನಿಂತು, ಅವರ ಕೈಯಿಂದಲೇ ಹುರುಳಿ ತಿನ್ನುತ್ತಿತ್ತು.

"ಎಕ್ಕ, ರಾಜ ಕೈಯಾಗಿದ್ರೂ ಟಗರು ಇಡ್ಲಿಲ್ಲವಲ್ಲ ತಾಯಿ!" ಎಂದು ಗೆದ್ದ ಸಾಬರೇ ಸಲಾಂ ಹೊಡೆದರು. ನನಗೂ ಹೊಡೆಯಬೇಕೆನಿಸಿತು. ಎಲ್ಲವನ್ನೂ ಇಡುವ ಮೊಂಡರನ್ನು ನೋಡಿದ್ದೇನೆ, ಮೊಟ್ಟೆ ಇಡುವ ಪುಕ್ಕಲರನ್ನೂ ನೋಡಿದ್ದೇನೆ. ಒಳ್ಳೆಯ ಎಲೆಯ ಮರ್ಯಾದೆಯನ್ನೂ ಉಳಿಸಿ, ಸೋತರೆ ಸಂಜೆ ಏನು ಉಳಿಯಬೇಕು ಎಂಬುದನ್ನೂ ಆಡುವ ಮೊದಲೇ ಯೋಚಿಸಿದವರನ್ನು ಇವರೊಬ್ಬರನ್ನೇ ನೋಡಿದ್ದು.

ಬಸ್ಸಿಗೆ ಹೊತ್ತಾಯಿತೇನೋ ಎಂದು ಮಣಿಕಟ್ಟು ನೋಡಿಕೊಂಡೆ. ಬರೀ ಬಿಳಿ ಪಟ್ಟೆ. ಪಕ್ಕದಲ್ಲಿದ್ದ ಈರಣ್ಣ ತನ್ನ ಹೊಸ ಗಡಿಯಾರ ನೋಡಿ ಹೇಳಿದ, "ಐದೂಕಾಲು ಆತು, ಹೋಗಾಣ ನಡ್ರಿ."

ಕೈಗಡಿಯಾರ ಮತ್ತೆ ಬೆಳೆಯುತ್ತದೇನ್ರೀ?